ಬಾಯ್ಲರ್ ಮತ್ತು ಫರ್ನೇಸ್ ಟ್ಯೂಬ್ ಏಕೆ ಒಡೆಯಿತು? ಲಕ್ಷಣ ನೋಡಿ ಕಾರಣ ಹಿಡಿಯುವ ಕೈಪಿಡಿ

ಟ್ಯೂಬ್ ಒಡೆದಾಗ ಬಹುತೇಕ ಕಡೆ ನಡೆಯುವುದು ಒಂದೇ ಕೆಲಸ. ಒಡೆದ ತುಂಡನ್ನು ಗ್ಯಾಸ್ ಕಟರ್‌ನಿಂದ ಕತ್ತರಿಸಿ ಗುಜರಿಗೆ ಎಸೆಯುತ್ತಾರೆ, ಹೊಸದನ್ನು ವೆಲ್ಡ್ ಮಾಡಿ ಬೆಂಕಿ ಹಚ್ಚುತ್ತಾರೆ. ಕೆಲವೇ ತಿಂಗಳಲ್ಲಿ ಅದೇ ಸಾಲಿನ ಪಕ್ಕದ ಟ್ಯೂಬ್ ಹೋಗುತ್ತದೆ. ಒಡೆದದ್ದು ಟ್ಯೂಬ್ ಆದರೂ ಕೆಟ್ಟಿರುವುದು ಬೇರೆಲ್ಲೋ ಇರುತ್ತದೆ: ನೀರಿನಲ್ಲಿ, ಬರ್ನರ್‌ನಲ್ಲಿ, ಇಂಧನದಲ್ಲಿ, ಇಲ್ಲವೇ ತಪ್ಪು ಓದುತ್ತಿರುವ ಥರ್ಮೋಕಪಲ್‌ನಲ್ಲಿ (ತಾಪ ಅಳೆಯುವ ತಂತಿಜೋಡಿ). ಅದು ಎಲ್ಲಿದೆ ಎಂಬುದನ್ನು ಒಡೆದ ಅಂಚು, ಅದರ ಮೇಲೆ ಕೂತ ಪದರ ಮತ್ತು ಒಡೆದ ಜಾಗ ಈ ಮೂರೂ ಸೇರಿ ಬಹುಪಾಲು ಹೇಳಿಬಿಡುತ್ತವೆ. ಹಾಗಾಗಿ ವೈರ್ ಬ್ರಷ್ ಹಿಡಿಯುವ ಮೊದಲು ಫೋಟೊ ತೆಗೆಯಿರಿ. ಮೇಲಿನ ಬೂದಿಯನ್ನು ಕೆರೆದು ಪೊಟ್ಟಣ ಕಟ್ಟಿ, ಎಲ್ಲಿಂದ ತೆಗೆದದ್ದು ಎಂದು ಬರೆದಿಡಿ. ಒಮ್ಮೆ ತೊಳೆದುಹೋದ ಸಾಕ್ಷಿ ಮತ್ತೆ ಸಿಗುವುದಿಲ್ಲ.

ಕೈ ಹಾಕುವ ಮೊದಲು

ಸೂಪರ್‌ಹೀಟ್ ಆದ, ಅಂದರೆ ಕುದಿಯುವ ಬಿಂದುವಿಗಿಂತ ಹೆಚ್ಚು ಕಾಯಿಸಿದ ಹಬೆ ಕಣ್ಣಿಗೆ ಕಾಣುವುದಿಲ್ಲ. ನಮಗೆ ಕಾಣುವ ಬಿಳಿ ಮೋಡ ಸೋರಿಕೆಯ ಬಾಯಿಂದ ಒಂದಿಷ್ಟು ದೂರ ಹೋದಮೇಲೆ, ಹಬೆ ತಣಿದಾಗ ಹುಟ್ಟುತ್ತದೆ. ಹೆಚ್ಚಿನ ಒತ್ತಡದ ಲೈನ್‌ನಲ್ಲಿ ಸೀಟಿಯಂಥ ಸದ್ದು ಕೇಳಿ ಮೋಡ ಮಾತ್ರ ಕಾಣದಿದ್ದರೆ ಹತ್ತಿರ ಹೋಗಬೇಡಿ, ಕೈಯಿಂದ ತಡಕಬೇಡಿ. ಲೋಡ್ ಇಳಿಸಿ, ಒತ್ತಡ ತೆಗೆದ ನಂತರವೇ ಹುಡುಕಿ.

ನೀರಿನ ಮಟ್ಟ ತೋರಿಸುವ ಗೇಜ್ ಗ್ಲಾಸ್‌ನಲ್ಲಿ ನೀರೇ ಕಾಣದಿದ್ದರೆ ಮೊದಲು ಬೆಂಕಿ ನಿಲ್ಲಿಸಿ. ಫೀಡ್ ಪಂಪ್ ಚಾಲೂ ಮಾಡಿ ನೀರು ತುಂಬಿಸಬೇಡಿ. ಕಾದು ಕೆಂಪಾದ ಲೋಹಕ್ಕೆ ನೀರು ತಗುಲಿದರೆ ಅದು ಒಮ್ಮೆಲೇ ಹಬೆಯಾಗಿ ಡ್ರಮ್ಮನ್ನೇ ಸೀಳಬಲ್ಲದು. ತಾನಾಗಿ ತಣ್ಣಗಾಗಲು ಬಿಡಿ.

ಒಳಗೆ ಇಳಿಯುವಾಗ ಇಂಧನ, ಹಬೆ, ನೀರು, ವಿದ್ಯುತ್ ಎಲ್ಲವನ್ನೂ ಬೀಗ ಹಾಕಿ ಬೇರ್ಪಡಿಸಿರಬೇಕು. ಆಮ್ಲಜನಕ ಶೇ. 19.5ರಿಂದ 23.5ರ ನಡುವೆ ಇರಬೇಕು. ದಹನದಿಂದ ಉಳಿದ ಕಾರ್ಬನ್ ಮೊನಾಕ್ಸೈಡನ್ನೂ ಅಳೆಯಬೇಕು. ದೀಪ 24 ವೋಲ್ಟ್‌ನದೇ ಆಗಿರಲಿ. ತಲೆಯ ಮೇಲೆ ಕ್ಲಿಂಕರ್ (ಗಟ್ಟಿಕಟ್ಟಿದ ಬೂದಿ) ನೇತಾಡುತ್ತಿದ್ದರೆ ಅದನ್ನು ಹೊರಗಿನಿಂದಲೇ ಉದುರಿಸಿ.

ಧೂಳಿನ ಬಗ್ಗೆಯೂ ಅಷ್ಟೇ ಎಚ್ಚರ ಬೇಕು. ಎಣ್ಣೆ ಉರಿಸುವ ಫರ್ನೇಸ್‌ನ ಬೂದಿಯಲ್ಲಿ ವನೇಡಿಯಂ ಇರುತ್ತದೆ, ಅದು ಶ್ವಾಸಕೋಶಕ್ಕೆ ಕೆಟ್ಟದ್ದು. ಬಹಳ ಬಿಸಿಯಲ್ಲಿ ದುಡಿದ ಸೆರಾಮಿಕ್ ಫೈಬರ್‌ನಲ್ಲಿ ಸಿಲಿಕಾ ಹರಳು ಕಟ್ಟಿರಬಹುದು. ಸ್ಟೇನ್‌ಲೆಸ್ ಬೋಲ್ಟ್‌ಗಳ ಮೇಲೆ, ಇನ್ಸುಲೇಷನ್ ತಾಗಿದ ಜಾಗದಲ್ಲಿ ಹಳದಿ ಪುಡಿ ಕಂಡರೆ ಅದು ಆರು ವೇಲೆನ್ಸಿಯ ಕ್ರೋಮಿಯಂ ಇರಬಹುದು, ಅಂದರೆ ಕ್ಯಾನ್ಸರ್‌ಕಾರಕ. ಕಂಪ್ರೆಸ್ಡ್ ಏರ್‌ನಿಂದ ಊದಬೇಡಿ. ಕಣ ಸೋಸುವ ರೆಸ್ಪಿರೇಟರ್ ಮತ್ತು ಕೈಗವಸು ಹಾಕಿ, ಒದ್ದೆ ಮಾಡಿ ತೆಗೆಯಿರಿ.

ಲಕ್ಷಣ: ಮೀಟರ್ ಸರಿ ತೋರಿಸುತ್ತಿದೆ, ಲೋಹ ಮಾತ್ರ ಬೇಗ ಹೋಗುತ್ತಿದೆ

ಎಲ್ಲಕ್ಕಿಂತ ಅಗ್ಗದ ತಪಾಸಣೆ ಇದು, ಎಲ್ಲರೂ ಬಿಟ್ಟುಬಿಡುವುದೂ ಇದನ್ನೇ. ಲೋಹವನ್ನು ಅನುಮಾನಿಸುವ ಮೊದಲು ಥರ್ಮೋಕಪಲ್ಲನ್ನು ಅನುಮಾನಿಸಿ.

ಕೆ ಟೈಪ್ ಥರ್ಮೋಕಪಲ್ ಸುಮಾರು 800ರಿಂದ 1,050 ಡಿಗ್ರಿ ಸೆಲ್ಸಿಯಸ್ ನಡುವೆ, ಆಮ್ಲಜನಕ ಕಡಿಮೆ ಇರುವ ಕಡೆ, ಅಂದರೆ ಉದ್ದನೆಯ ಕಿರಿದಾದ ರಕ್ಷಣಾ ಕೊಳವೆಯ ತಳದಲ್ಲಿ, ಒಳಗೊಳಗೇ ಕೆಡುತ್ತದೆ. ಪಾಸಿಟಿವ್ ತಂತಿಯಾದ ಕ್ರೋಮೆಲ್‌ನಿಂದ ಕ್ರೋಮಿಯಂ ಮಾತ್ರ ಆಕ್ಸೈಡ್ ಆಗಿ ಹೋಗುತ್ತದೆ, ತಂತಿಯ ಮೇಲೆ ಹಸಿರು ಛಾಯೆ ಬರುತ್ತದೆ. ಆಮೇಲೆ ಅದು ನಿಜಕ್ಕಿಂತ ಕಡಿಮೆ ತಾಪ ತೋರಿಸತೊಡಗುತ್ತದೆ. ಕಂಟ್ರೋಲರ್ ಅದನ್ನೇ ನಂಬಿ ಇನ್ನಷ್ಟು ಇಂಧನ ಸುರಿಯುತ್ತದೆ. ಪರೀಕ್ಷಿಸಲು ಒಂದು ಆಯಸ್ಕಾಂತ ಸಾಕು. ಒಳ್ಳೆಯ ಕ್ರೋಮೆಲ್ ತಂತಿ ಆಯಸ್ಕಾಂತಕ್ಕೆ ಅಂಟುವುದಿಲ್ಲ, ಜೊತೆಗಿರುವ ಅಲ್ಯೂಮೆಲ್ ಅಂಟುತ್ತದೆ. ಎರಡೂ ಅಂಟಿದರೆ ಆ ಥರ್ಮೋಕಪಲ್ ಹೋಗಿದೆ. ಅಂಥ ಜಾಗಕ್ಕೆ ಎನ್ ಟೈಪ್ ಒಳ್ಳೆಯದು.

ಜೊತೆಗೆ ಥರ್ಮೋಕಪಲ್‌ನಿಂದ ಮೀಟರ್‌ಗೆ ಹೋಗುವ ಕಾಂಪೆನ್ಸೇಟಿಂಗ್ ಕೇಬಲ್‌ನ ಪಾಸಿಟಿವ್–ನೆಗೆಟಿವ್ ಅದಲುಬದಲಾಗಿದೆಯೇ ನೋಡಿ. ಟ್ಯೂಬ್ ಮೈಗೆ ಬೆಸೆದ ಸ್ಕಿನ್ ಥರ್ಮೋಕಪಲ್ ಬಿಟ್ಟುಕೊಂಡಿದ್ದರೆ ಅದು ಅನಿಲದ ತಾಪವನ್ನು ಓದುತ್ತಿರುತ್ತದೆ, ಲೋಹದ್ದನ್ನಲ್ಲ. ದೂರದಿಂದಲೇ ತಾಪ ಅಳೆಯುವ ಪೈರೋಮೀಟರ್‌ನಲ್ಲಿ ನೋಡುವವರು ನೆನಪಿಡಬೇಕಾದ್ದು: ಸುತ್ತಲಿನ ಗೋಡೆ ಟ್ಯೂಬಿಗಿಂತ ಬಿಸಿಯಾಗಿದ್ದರೆ ಅದರ ಪ್ರತಿಫಲನವೂ ಸೇರಿಕೊಂಡು ಓದು ಹೆಚ್ಚು ಬರುತ್ತದೆ.

ಹತ್ತು ಡಿಗ್ರಿಗೆ ಇಷ್ಟೊಂದು ತಲೆಕೆಡಿಸಿಕೊಳ್ಳಬೇಕೇ ಎನ್ನುವವರಿಗೆ ಒಂದು ಲೆಕ್ಕ. ತಾಪಕ್ಕೂ ಆಯುಷ್ಯಕ್ಕೂ ಇರುವ ನಂಟು ಹೇಳುವ ಲಾರ್ಸನ್–ಮಿಲ್ಲರ್ ಸೂತ್ರದಲ್ಲಿ ಸ್ಥಿರಾಂಕ 20 ಎಂದಿಟ್ಟುಕೊಂಡರೆ, 540 ಡಿಗ್ರಿಯಲ್ಲಿ 1,00,000 ಗಂಟೆ ಬಾಳಬೇಕಾದ ಟ್ಯೂಬ್ ಅದೇ ಒತ್ತಡದಲ್ಲಿ 550 ಡಿಗ್ರಿಗೆ ಸುಮಾರು 50,000 ಗಂಟೆ, 565 ಡಿಗ್ರಿಗೆ ಸುಮಾರು 18,000 ಗಂಟೆ ಬಾಳುತ್ತದೆ. ಪ್ಯಾನೆಲ್ ಮೇಲೆ ಯಾರ ಕಣ್ಣಿಗೂ ಬೀಳದ 25 ಡಿಗ್ರಿ ವ್ಯತ್ಯಾಸ ಆಯುಷ್ಯದ ಐದರಲ್ಲಿ ನಾಲ್ಕು ಪಾಲನ್ನು ತಿಂದುಬಿಡುತ್ತದೆ.

ಲಕ್ಷಣ: ಮೇಲೆ ದಪ್ಪ ಕಪ್ಪು ಪದರ, ಹಪ್ಪಳದಂತೆ ಏಳುತ್ತಿದೆ

ಉಕ್ಕಿನ ಮೇಲೆ ತೆಳುವಾಗಿ, ಗಟ್ಟಿಯಾಗಿ ಅಂಟಿದ ಕಪ್ಪು ಪದರ ಒಳ್ಳೆಯದೇ. ಅದು ಮ್ಯಾಗ್ನಟೈಟ್, ಲೋಹವನ್ನು ಕಾಯುತ್ತದೆ. ಕಬ್ಬಿಣದ ತಾಪ 570 ಡಿಗ್ರಿ ದಾಟಿದರೆ ಆ ಪದರದ ಕೆಳಗೆ ವುಸ್ಟೈಟ್ ಎಂಬ ಇನ್ನೊಂದು ಆಕ್ಸೈಡ್ ಹುಟ್ಟುತ್ತದೆ. ಅದರೊಳಗಿಂದ ಕಬ್ಬಿಣದ ಅಯಾನುಗಳು ಸುಲಭವಾಗಿ ಹೊರಬರುವುದರಿಂದ ಪದರ ಬೇಗ ಬೇಗ ದಪ್ಪವಾಗಿ, ತಣಿದಾಗ ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಹಾಗಾಗಿ ಸಾಮಾನ್ಯ ಇಂಗಾಲದ ಉಕ್ಕಿನ ಟ್ಯೂಬ್ ಮೇಲೆ ಪದರಪದರವಾಗಿ ಏಳುವ ಸ್ಕೇಲ್ ಕಂಡರೆ, ಅದು ತನ್ನ ಮಿತಿ ಮೀರಿ ಕಾದಿದೆ ಎಂದೇ ಅರ್ಥ. ಈ ಉಕ್ಕನ್ನು ವರ್ಷಗಟ್ಟಲೆ ಸುಮಾರು 425 ಡಿಗ್ರಿ ಮೇಲೆ ದುಡಿಸಿದರೆ ಒಳಗಿನ ಇಂಗಾಲ ಗ್ರಾಫೈಟಾಗಿ ಬೇರ್ಪಟ್ಟು ಬಲ ಕುಗ್ಗುತ್ತದೆ. ಅದರಾಚೆಗೆ ಕ್ರೋಮಿಯಂ–ಮಾಲಿಬ್ಡಿನಂ ಉಕ್ಕು ಬೇಕು.

ಆದರೆ ಸ್ಕೇಲ್‌ನ ದಪ್ಪ ನೋಡಿ ಗಾಬರಿಯಾಗಬೇಡಿ. ಆಕ್ಸೈಡ್ ತಾನು ತಿಂದ ಲೋಹದ ಎರಡು ಪಟ್ಟಿಗಿಂತ ಹೆಚ್ಚು ಜಾಗ ಹಿಡಿಯುತ್ತದೆ. 2 ಮಿ.ಮೀ. ಸ್ಕೇಲ್ ಕೂತಿದ್ದರೆ ಹೋಗಿರುವ ಉಕ್ಕು 1 ಮಿ.ಮೀ.ಗಿಂತ ಕಡಿಮೆ. ನಿಜವಾಗಿ ಉಳಿದಿರುವುದೆಷ್ಟು ಎಂದು ಅಳೆದೇ ನೋಡಬೇಕು.

ಅಲ್ಟ್ರಾಸೋನಿಕ್ ಥಿಕ್‌ನೆಸ್ ಗೇಜ್ ಇಡುವ ಜಾಗದಲ್ಲಿ ಸುಮಾರು 25 ಮಿ.ಮೀ. ಅಗಲ ಸ್ಕೇಲ್ ತೆಗೆದು, ಹೊಳೆಯುವ ಲೋಹ ಕಾಣುವಷ್ಟು ಮಾತ್ರ ಗ್ರೈಂಡ್ ಮಾಡಿ. ಅದೇ ಜಾತಿಯ ಉಕ್ಕಿನ ಸ್ಟೆಪ್ ಬ್ಲಾಕ್ ಮೇಲೆ ಗೇಜನ್ನು ಹೊಂದಿಸಿ. ಪ್ರತಿ ಟ್ಯೂಬಿನಲ್ಲೂ ಬೆಂಕಿಯ ಕಡೆ, ಹಿಂಬದಿ, ಎರಡೂ ಪಕ್ಕ ಹೀಗೆ ನಾಲ್ಕು ಓದು ಬರೆದುಕೊಳ್ಳಿ. ಬೆಂಕಿಯ ಕಡೆ ಮಾತ್ರ ತೆಳುವಾಗಿದ್ದರೆ ತೊಂದರೆ ಹೊರಗಿನದು ಅಥವಾ ತಾಪದ್ದು. ಸುತ್ತಲೂ ಒಂದೇ ಸಮ ತೆಳುವಾಗಿದ್ದರೆ ಒಳಗಿನ ದ್ರವವನ್ನು ಅನುಮಾನಿಸಿ. ಪ್ಲಾಂಟ್ ನಡೆಯುತ್ತಿರುವಾಗ ಬಿಸಿ ಲೋಹದ ಮೇಲೆ ಅಳೆದರೆ ಓದು ಹೆಚ್ಚೇ ಬರುತ್ತದೆ, ಏಕೆಂದರೆ ಉಕ್ಕು ಬಿಸಿಯಾದಷ್ಟೂ ಶಬ್ದದ ವೇಗ ತಗ್ಗುತ್ತದೆ. ಪ್ರತಿ 55 ಡಿಗ್ರಿಗೆ ಸುಮಾರು ಶೇ. 1 ಕಳೆಯಿರಿ. 330 ಡಿಗ್ರಿಯಲ್ಲಿ 6.0 ಮಿ.ಮೀ. ಎಂದು ಬಂದದ್ದು ನಿಜದಲ್ಲಿ ಸುಮಾರು 5.7 ಮಿ.ಮೀ.

ನಂತರದ ಲೆಕ್ಕ ಸರಳ. ಎರಡು ವರ್ಷದ ಹಿಂದೆ 5.6 ಇದ್ದದ್ದು ಈಗ 5.0 ಆಗಿದ್ದರೆ ವರ್ಷಕ್ಕೆ 0.3 ಮಿ.ಮೀ. ಹೋಗುತ್ತಿದೆ. ವಿನ್ಯಾಸದ ಕನಿಷ್ಠ ದಪ್ಪ 4.1 ಎಂದಾದರೆ ಉಳಿದದ್ದು ಮೂರು ವರ್ಷ. ಆ ಮೂರನ್ನು ನಂಬಿ ಕೂರದೆ, ಒಂದೂವರೆ ವರ್ಷದೊಳಗೆ ಮತ್ತೊಮ್ಮೆ ಅಳೆಯಿರಿ. ಕನಿಷ್ಠಕ್ಕಿಂತ ಕೆಳಗೆ ಬಂದಿರುವ ಟ್ಯೂಬಿಗೆ ಮುಂದಿನ ಶಟ್‌ಡೌನ್‌ವರೆಗೂ ಕಾಯುವ ಮಾತಿಲ್ಲ.

ಲಕ್ಷಣ: ಟ್ಯೂಬ್ ಉದ್ದಕ್ಕೆ ಸೀಳಿದೆ

ಇಲ್ಲಿ ಅಂಚನ್ನು ಹತ್ತಿರದಿಂದ ನೋಡಬೇಕು. ಒಂದೇ ಥರ ಕಾಣುವ ಸೀಳುಗಳ ಕಾರಣಗಳು ಒಂದಕ್ಕೊಂದು ಸಂಬಂಧವೇ ಇಲ್ಲದಷ್ಟು ಬೇರೆ ಇರುತ್ತವೆ.

ಮೀನು ಬಾಯಿ ತೆರೆದಂತೆ ಅಗಲವಾಗಿ ಬಿರಿದು, ಅಂಚು ಚಾಕುವಿನಷ್ಟು ತೆಳುವಾಗಿ ಎಳೆದುಕೊಂಡಿದ್ದರೆ ಅದು ಅಲ್ಪಾವಧಿಯ ಅತಿ ತಾಪ. ಲೋಹ ನಿಮಿಷಗಳಲ್ಲೋ ಗಂಟೆಗಳಲ್ಲೋ ಮೆತ್ತಗಾಗಿ ಉಬ್ಬಿ ಒಡೆದಿದೆ. ಒಳಗೆ ನೀರೋ ಹಬೆಯೋ ಹರಿಯುವುದು ನಿಂತಿತ್ತು ಎಂದರ್ಥ. ಮೊದಲು ನೀರಿನ ಮಟ್ಟದ ದಾಖಲೆ ನೋಡಿ. ನಂತರ ಆ ಟ್ಯೂಬಿನ ಎರಡೂ ತುದಿಯ ಹೆಡರ್ (ಹಲವು ಟ್ಯೂಬುಗಳು ಕೂಡುವ ದಪ್ಪ ಕೊಳವೆ) ತೆರೆಸಿ, ಬೋರ್‌ಸ್ಕೋಪ್ (ಒಳಗೆ ತೂರಿಸಿ ನೋಡುವ ಸಣ್ಣ ಕ್ಯಾಮೆರಾ) ಇಳಿಸಿ. ಹಿಂದಿನ ರಿಪೇರಿಯಲ್ಲಿ ಬಿದ್ದ ವೆಲ್ಡಿಂಗ್ ಚೂರು, ಮರೆತ ಬಟ್ಟೆ, ಬಾಗಿನಿಂದ ಕಳಚಿದ ಆಕ್ಸೈಡ್ ಚಕ್ಕೆಗಳ ರಾಶಿ ಸಿಗುವುದು ಅಪರೂಪವಲ್ಲ. ಹಬೆಯನ್ನು ಇನ್ನಷ್ಟು ಕಾಯಿಸುವ ಸೂಪರ್‌ಹೀಟರ್ ಆದರೆ ಇನ್ನೊಂದು ಸಾಧ್ಯತೆ: ತಣ್ಣಗಿನಿಂದ ಹೊರಡುವಾಗ ನೇತಾಡುವ ಲೂಪ್‌ಗಳ ತಳದಲ್ಲಿ ನಿಂತ ನೀರು ಆವಿಯಾಗುವ ಮೊದಲೇ ಬೆಂಕಿ ಜೋರು ಮಾಡಿದ್ದು.

ಸೀಳು ಕಿರಿದಾಗಿ, ಅಂಚು ದಪ್ಪವಾಗಿಯೇ ಉಳಿದು, ಸುತ್ತಲಿನ ಸ್ಕೇಲ್‌ನಲ್ಲಿ ಉದ್ದುದ್ದ ಸಮಾಂತರ ಬಿರುಕುಗಳಿದ್ದರೆ ಅದು ಕ್ರೀಪ್. ಲೋಹ ವರ್ಷಗಟ್ಟಲೆ ಒಂದಿಷ್ಟು ಹೆಚ್ಚು ಬಿಸಿಯಲ್ಲಿ, ನಿಧಾನವಾಗಿ ಹಿಗ್ಗುತ್ತಾ ಸೋತಿದೆ. ಸಾಮಾನ್ಯ ಕಾರಣ ಒಳಮೈ ಮೇಲಿನ ಪದರ. ಆಕ್ಸೈಡೋ ನೀರಿನ ಲವಣವೋ ಕೂತು ಶಾಖ ಒಳಗೆ ದಾಟದಂತೆ ತಡೆಯುತ್ತದೆ, ಅಷ್ಟಕ್ಕಷ್ಟು ಲೋಹದ ತಾಪ ಏರುತ್ತದೆ. ಒಂದು ಟ್ಯೂಬ್ ಹೀಗೆ ಹೋಗಿದ್ದರೆ ಪಕ್ಕದವೂ ಅದೇ ಹಾದಿಯಲ್ಲಿವೆ. ದಪ್ಪ ತಗಡಿನಲ್ಲಿ ಟ್ಯೂಬಿನ ಮೂಲ ವ್ಯಾಸಕ್ಕಿಂತ ಶೇ. 2 ದೊಡ್ಡದಾದ ಕಚ್ಚು ಕತ್ತರಿಸಿ ಗೋ–ನೋಗೋ ಗೇಜ್ ಮಾಡಿಕೊಳ್ಳಿ. ಅದನ್ನು ಸಾಲಿನುದ್ದಕ್ಕೂ ತೂರಿಸುತ್ತಾ ಹೋಗಿ. ಎಲ್ಲಿ ತೂರುವುದಿಲ್ಲವೋ ಅಲ್ಲಿ ಗುರುತು ಹಾಕಿ. ಎಷ್ಟು ಉಬ್ಬಿದರೆ ತೆಗೆದೇ ಹಾಕಬೇಕು ಎಂಬುದು ಉಕ್ಕಿನ ಜಾತಿಯ ಮೇಲೆ ನಿಂತಿದೆ. ಗುರುತು ಬಿದ್ದ ಜಾಗದಲ್ಲಿ ರೆಪ್ಲಿಕಾ (ಲೋಹದ ಮೈಯ ಅಚ್ಚು) ತೆಗೆಸಿ ಸೂಕ್ಷ್ಮದರ್ಶಕದಲ್ಲಿ ಕ್ರೀಪ್ ರಂಧ್ರಗಳಿವೆಯೇ ನೋಡಿಸಬೇಕು.

ಮೂರನೆಯದು ಎಲ್ಲಕ್ಕಿಂತ ಅಪಾಯಕಾರಿ. ಗೋಡೆ ಒಂಚೂರೂ ತೆಳುವಾಗದೆ, ಉಬ್ಬದೆ, ಕಿಟಕಿ ಕಿತ್ತಂತೆ ಒಂದು ತುಂಡು ಹಾರಿಹೋಗಿರುತ್ತದೆ. ಬಾಯ್ಲರ್‌ನಲ್ಲಿ ಇದು ಹೈಡ್ರೋಜನ್ ಹಾನಿ. ಹಬೆಯನ್ನು ಮತ್ತೆ ನೀರಾಗಿಸುವ ಕಂಡೆನ್ಸರ್ ಸೋರಿ ನೀರಿನ ಪಿಎಚ್ ಇಳಿದಾಗ, ಒಳಗಿನ ಕೆಸರಿನ ಪದರದ ಅಡಿಯಲ್ಲಿ ಆಮ್ಲ ಸಾಂದ್ರವಾಗುತ್ತದೆ. ಅಲ್ಲಿ ಹುಟ್ಟಿದ ಹೈಡ್ರೋಜನ್ ಪರಮಾಣುಗಳು ಉಕ್ಕಿನೊಳಗೆ ನುಗ್ಗಿ ಕಾರ್ಬೈಡ್ ಜೊತೆ ಸೇರಿ ಮೀಥೇನ್ ಆಗುತ್ತವೆ. ಮೀಥೇನ್ ಅಣು ದೊಡ್ಡದು, ಹೊರಬರಲಾರದೆ ಒಳಗಿನಿಂದಲೇ ಲೋಹದ ಹರಳುಕಣಗಳ ಅಂಚನ್ನು ಬಿರಿಸುತ್ತದೆ. ಥಿಕ್‌ನೆಸ್ ಗೇಜ್ ಇಲ್ಲಿ ನೆರವಾಗುವುದಿಲ್ಲ, ದಪ್ಪ ಪೂರ್ತಿ ಇದೆ ಎಂದೇ ಹೇಳುತ್ತದೆ. ಇದನ್ನು ಹಿಡಿಯಲು ಶಬ್ದ ಕುಗ್ಗುವುದನ್ನೂ ವೇಗವನ್ನೂ ಅಳೆಯುವ ವಿಶೇಷ ಅಲ್ಟ್ರಾಸೋನಿಕ್ ಪರೀಕ್ಷೆ ಬೇಕು. ಹಾನಿಯಾದ ಲೋಹದ ಮೇಲೆ ತೇಪೆ ವೆಲ್ಡಿಂಗ್ ನಿಲ್ಲುವುದಿಲ್ಲ.

ರಿಫೈನರಿಯ ಹೈಡ್ರೋಜನ್ ಲೈನ್‌ಗಳಲ್ಲಿ ಇದೇ ಕ್ರಿಯೆ ಬಿಸಿ ಅನಿಲದಿಂದಲೇ ನಡೆಯುತ್ತದೆ. 2010ರ ಏಪ್ರಿಲ್‌ನಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಅನಕೋರ್ಟಿಸ್‌ನಲ್ಲಿ ಇಂಗಾಲದ ಉಕ್ಕಿನ ಹೀಟ್ ಎಕ್ಸ್‌ಚೇಂಜರ್ ಹೀಗೆ ಒಡೆದು ಏಳು ಜನ ಸತ್ತರು. ಬಿಸಿ ಹೈಡ್ರೋಜನ್‌ನಲ್ಲಿ ಯಾವ ಉಕ್ಕು ಎಷ್ಟು ತಾಪದವರೆಗೆ ತಾಳುತ್ತದೆಂದು ಹೇಳುವ ನೆಲ್ಸನ್ ರೇಖೆ ಸುರಕ್ಷಿತ ಎನ್ನುತ್ತಿದ್ದ ತಾಪದಲ್ಲೂ ಇಂಗಾಲದ ಉಕ್ಕು ಸೋಲಬಹುದೆಂದು ತನಿಖೆ ತೋರಿಸಿತು. ಬಿಸಿ ಹೈಡ್ರೋಜನ್ ಇರುವ ಕಡೆ ಇಂಗಾಲದ ಉಕ್ಕು ಕಂಡರೆ ಸ್ವಂತ ತೀರ್ಮಾನ ಮಾಡದೆ ತಜ್ಞರಿಗೆ ತೋರಿಸಿ.

ಒಳಗೆ ಕೆಸರಿನ ಕೆಳಗೆ ಚಮಚದಲ್ಲಿ ಬಗೆದಂತೆ ನಯವಾದ ಗುಳಿಗಳಿದ್ದರೆ ಅದು ಕ್ಷಾರದ ಕೆಲಸ. ಮೇಲೆ ತುಕ್ಕಿನ ಟೊಪ್ಪಿ ಇರುವ ದುಂಡನೆಯ ಆಳವಾದ ಗುಳಿಗಳಿದ್ದರೆ ಆಮ್ಲಜನಕದ್ದು. ಕರಗಿದ ಗಾಳಿ ತೆಗೆಯುವ ಡೀಏರೇಟರ್‌ನ ನೀರಿನಲ್ಲಿ ಉಳಿದ ಆಮ್ಲಜನಕ ಶತಕೋಟಿಯಲ್ಲಿ 7 ಭಾಗ ಮೀರಿದೆಯೇ ನೋಡಿ. ನಿಂತಿದ್ದ ಕಾಲದಲ್ಲಿ ಬಾಯ್ಲರನ್ನು ಅರ್ಧ ಒದ್ದೆಯಾಗಿ ಬಿಟ್ಟಿದ್ದರೇ ಎಂದೂ ವಿಚಾರಿಸಿ.

ಲಕ್ಷಣ: ಹೊರಗೆ ಒಂದೇ ಬದಿ ಸವೆದು ಚಪ್ಪಟೆಯಾಗಿದೆ

ಮೊದಲು ಸವೆತವೋ ತುಕ್ಕೋ ಬೇರ್ಪಡಿಸಿ. ಮೈ ಹೊಳಪಾಗಿ, ಬೂದಿ ಕೂರದೆ, ಸೂಟ್‌ಬ್ಲೋವರ್ (ಹಬೆ ಊದಿ ಬೂದಿ ತೆಗೆಯುವ ಸಾಧನ) ಎದುರಿಗೋ ಅನಿಲ ನುಗ್ಗುವ ಸಂದಿಯಲ್ಲೋ ಇದ್ದರೆ ಅದು ಬೂದಿಯೋ ಹಬೆಯೋ ಉಜ್ಜಿ ಆದ ಸವೆತ. ಸೂಟ್‌ಬ್ಲೋವರ್‌ನ ಒತ್ತಡ, ನಳಿಕೆಯ ದಿಕ್ಕು, ಹಬೆಯಲ್ಲಿ ನೀರು ಬರುತ್ತಿದೆಯೇ ಎಂಬುದನ್ನು ನೋಡಿದರೆ ಉತ್ತರ ಸಿಗುತ್ತದೆ.

ಮೈ ಒರಟಾಗಿ, ಅಂಟಿದ ಬೂದಿಯ ಕೆಳಗೆ ತಿಂದುಹೋಗಿದ್ದರೆ ಅದು ಕರಗಿದ ಲವಣದ ತುಕ್ಕು. ಗಟ್ಟಿ ಬೂದಿ ಲೋಹಕ್ಕೆ ಅಷ್ಟೇನೂ ಕೇಡು ಮಾಡುವುದಿಲ್ಲ. ಕರಗಿದ ಬೂದಿ ರಕ್ಷಣೆಯ ಆಕ್ಸೈಡನ್ನೇ ಕರಗಿಸಿಬಿಡುತ್ತದೆ. ಕಲ್ಲಿದ್ದಲು ಉರಿಸುವ ಬಾಯ್ಲರ್‌ನ ಸೂಪರ್‌ಹೀಟರ್‌ನಲ್ಲಿ ಕ್ಷಾರ–ಕಬ್ಬಿಣದ ಸಲ್ಫೇಟುಗಳು ಲೋಹದ ತಾಪ 600ರಿಂದ 700 ಡಿಗ್ರಿ ಇರುವಾಗ ಜೋರಾಗಿ ತಿನ್ನುತ್ತವೆ. ಬೂದಿಯ ಪದರಗಳನ್ನು ಒಂದೊಂದಾಗಿ ಕೆರೆಯಿರಿ. ಹೊರಗಿನ ಸಡಿಲ ಬೂದಿಗೂ ಲೋಹಕ್ಕಂಟಿದ ಕಪ್ಪು ಪದರಕ್ಕೂ ನಡುವೆ ಬಿಳಿ ಅಥವಾ ಮಾಸಲು ಹಳದಿ ಪದರ ಸಿಕ್ಕಿ, ಅದನ್ನು ಶುದ್ಧ ನೀರಿನಲ್ಲಿ ಕದಡಿದಾಗ ಪಿಎಚ್ ಕಾಗದ ಆಮ್ಲ ತೋರಿಸಿದರೆ ಅನುಮಾನ ಬಲವಾಗುತ್ತದೆ. ಕುಲುಮೆ ಎಣ್ಣೆಯಲ್ಲಿ ಖಳನಾಯಕ ವನೇಡಿಯಂ. ಅದರ ಪೆಂಟಾಕ್ಸೈಡ್ ಸುಮಾರು 690 ಡಿಗ್ರಿಗೆ ಕರಗುತ್ತದೆ, ಸೋಡಿಯಂ ಸೇರಿದರೆ 600ಕ್ಕೂ ಕೆಳಗೆ. ಟ್ಯೂಬಿಗಿಂತ ಮೊದಲು ಇದಕ್ಕೆ ಬಲಿಯಾಗುವುದು ಒಳಗೆ ತಣಿಯುವ ದ್ರವವಿಲ್ಲದ ಆಧಾರದ ಕೊಕ್ಕೆಗಳು ಮತ್ತು ಬ್ರಾಕೆಟ್‌ಗಳು.

ಖರ್ಚಿಲ್ಲದ ತಪಾಸಣೆಗಳು ಮೊದಲು: ಇತ್ತೀಚೆಗೆ ಇಂಧನ ಬದಲಾಯಿತೇ? ಹೊಸ ಲೋಡ್‌ನ ಗಂಧಕ, ಸೋಡಿಯಂ, ವನೇಡಿಯಂ, ಕ್ಲೋರೀನ್ ವರದಿ ಇದೆಯೇ? ನೋಟ ಕಿಂಡಿಯಿಂದ ನೋಡಿದಾಗ ಜ್ವಾಲೆ ಟ್ಯೂಬಿಗೆ ತಾಗುತ್ತಿದೆಯೇ? ವಾಟರ್‌ವಾಲ್ (ಕುಲುಮೆಯ ಗೋಡೆಯಾಗಿರುವ ನೀರಿನ ಟ್ಯೂಬುಗಳು) ಹತ್ತಿರ ಆಮ್ಲಜನಕ ಇಲ್ಲವೇ ಇಲ್ಲ, ಕಾರ್ಬನ್ ಮೊನಾಕ್ಸೈಡ್ ಹೆಚ್ಚಿದೆ ಎಂದಾದರೆ ಅಲ್ಲಿ ಕಬ್ಬಿಣದ ಸಲ್ಫೈಡ್ ಕಟ್ಟುತ್ತಿರುತ್ತದೆ. ಬರ್ನರ್‌ನ ಗಾಳಿ ಹೊಂದಿಸಿದರೆ ನಿಲ್ಲಬಹುದು. ಎಣ್ಣೆಗೆ ಮೆಗ್ನೀಸಿಯಂ ಸೇರಿಸುವುದು, ಟ್ಯೂಬಿನ ದರ್ಜೆ ಏರಿಸುವುದು, ವೆಲ್ಡ್ ಹೊದಿಕೆ ಕೊಡುವುದು ಇದೆಲ್ಲ ಆಮೇಲಿನ ಮಾತು.

ಲಕ್ಷಣ: ಇಕನಾಮೈಸರ್ ಕೊನೆಯಲ್ಲಿ, ಏರ್ ಪ್ರೀಹೀಟರ್‌ನಲ್ಲಿ ಒದ್ದೆ ತುಕ್ಕು

ಹೊರಹೋಗುವ ಅನಿಲದ ಶಾಖದಿಂದ ಇಕನಾಮೈಸರ್ ನೀರನ್ನೂ ಏರ್ ಪ್ರೀಹೀಟರ್ ಗಾಳಿಯನ್ನೂ ಕಾಯಿಸುತ್ತವೆ. ಇಲ್ಲಿಯದು ಬಿಸಿಯದಲ್ಲ, ಬಿಸಿ ಸಾಲದ ತೊಂದರೆ. ಗಂಧಕವಿರುವ ಅನಿಲ ಸುಮಾರು 120ರಿಂದ 150 ಡಿಗ್ರಿಗೆ ಇಳಿದಾಗ ಗಂಧಕಾಮ್ಲ ಹನಿಯುತ್ತದೆ. ಲೋಡ್ ಕಡಿಮೆ ಇರುವಾಗಿನ ಫೀಡ್‌ವಾಟರ್ ಒಳಬರುವ ತಾಪ ನೋಡಿ, ಏರಿಸಿ. ಬಾಗಿಲಿನ ಸಂದಿಯಿಂದ ತಣ್ಣನೆ ಗಾಳಿ ಎಳೆಯುತ್ತಿದ್ದರೆ ಮುಚ್ಚಿ.

ಲಕ್ಷಣ: ಸ್ಟೇನ್‌ಲೆಸ್ ಭಾಗ ತುಕ್ಕಿಲ್ಲದೆ ಬಿರುಕು ಬಿಟ್ಟಿದೆ

ಆಯಸ್ಕಾಂತ ಮತ್ತೆ ಹೊರತೆಗೆಯಿರಿ. ಫರ್ನೇಸ್ ಟ್ಯೂಬುಗಳ 25 ಕ್ರೋಮಿಯಂ–35 ನಿಕಲ್ ಮಿಶ್ರಲೋಹ ಹೊಸದಿದ್ದಾಗ ಆಯಸ್ಕಾಂತಕ್ಕೆ ಅಂಟುವುದಿಲ್ಲ. ಬಳಸಿದ ಮೇಲೆ ಅಂಟತೊಡಗಿದರೆ ಒಳಗೆ ಇಂಗಾಲ ನುಗ್ಗಿ ಕ್ರೋಮಿಯಂ ಕಾರ್ಬೈಡಾಗಿದೆ, ಲೋಹ ಪೆಡಸಾಗಿದೆ ಎಂಬ ಸುಳಿವು. ಹೊರಮೈಯ ಆಕ್ಸೈಡಿನಡಿಯೂ ತೆಳು ಕಾಂತೀಯ ಪದರವಿರಬಹುದು, ಅದನ್ನು ಉಜ್ಜಿ ತೆಗೆದು ನೋಡಿ. ವರ್ಷಗಟ್ಟಲೆ 600ರಿಂದ 900 ಡಿಗ್ರಿಯಲ್ಲಿದ್ದ ಸ್ಟೇನ್‌ಲೆಸ್‌ನಲ್ಲಿ ಸಿಗ್ಮಾ ಎಂಬ ಪೆಡಸು ಹಂತ ಬೆಳೆಯುತ್ತದೆ. ಬಿಸಿಯಲ್ಲಿ ಅದು ತೊಂದರೆ ಕೊಡದೆ ತಣ್ಣಗಾದಾಗ ಗಾಜಿನಂತಾಗುತ್ತದೆ. ಶಟ್‌ಡೌನ್‌ನಲ್ಲಿ ಅಂಥ ಭಾಗಕ್ಕೆ ಸುತ್ತಿಗೆ ಹಾಕಬೇಡಿ, ಎಳೆದು ನೇರ ಮಾಡಬೇಡಿ.

ನಡೆಯುವಾಗ ಚೆನ್ನಾಗಿದ್ದು, ಶಟ್‌ಡೌನ್ ಮುಗಿಸಿ ಹೊರಟ ಕೂಡಲೇ ಸೋರಿದರೆ ಪಾಲಿಥಯಾನಿಕ್ ಆಮ್ಲವನ್ನು ನೆನೆಯಿರಿ. ಗಂಧಕವಿರುವ ಪ್ರಕ್ರಿಯೆಯಲ್ಲಿ ಕೂತ ಸಲ್ಫೈಡ್ ಪದರಕ್ಕೆ ಗಾಳಿ ಮತ್ತು ತೇವ ಸೇರಿ ಈ ಆಮ್ಲ ಹುಟ್ಟುತ್ತದೆ, ಶಾಖದಿಂದ ಈಗಾಗಲೇ ದುರ್ಬಲವಾದ ಕಣಗಳ ಅಂಚಿನುದ್ದಕ್ಕೂ ಬಿರುಕು ಓಡಿಸುತ್ತದೆ. ತಡೆ ಎಂದರೆ ತೆರೆಯುವ ಮೊದಲೇ ಸುಮಾರು ಶೇ. 2ರ ಸೋಡಾ ಆ್ಯಶ್ ದ್ರಾವಣದಿಂದ ತೊಳೆದು, ಆ ಪದರವನ್ನು ಒಣಗಲು ಬಿಡುವುದು, ಇಲ್ಲವೇ ಒಣ ನೈಟ್ರೋಜನ್ ತುಂಬಿ ಗಾಳಿ ಸೋಕದಂತೆ ಇಡುವುದು. ಕಬ್ಬಿಣದ ಸಲ್ಫೈಡ್ ಗಾಳಿಗೆ ಒಣಗಿದರೆ ತಾನೇ ಹೊತ್ತಿಕೊಳ್ಳುವುದೂ ಉಂಟು, ಕೆರೆದು ತೆಗೆದದ್ದನ್ನು ಒದ್ದೆಯಾಗಿಡಿ.

ಇನ್ನೊಂದು ಕಾರಣ ಯಾರ ಲೆಕ್ಕಕ್ಕೂ ಬರುವುದಿಲ್ಲ: ಸತು. ಅದು 419 ಡಿಗ್ರಿಗೆ ಕರಗುತ್ತದೆ, ಇನ್ನೂ ಬಿಸಿಯೇರಿದಾಗ ಕರಗಿದ ಸತು ಸ್ಟೇನ್‌ಲೆಸ್‌ನೊಳಗೆ ಇಳಿದು ಬಿರುಕು ಬಿಡಿಸುತ್ತದೆ. ಸತು ಲೇಪಿಸಿದ ಜಿಐ ತಂತಿಯಿಂದ ಇನ್ಸುಲೇಷನ್ ಕಟ್ಟುವುದು, ಸತುವಿನ ಬಣ್ಣದಲ್ಲಿ ಗುರುತು ಬರೆಯುವುದು ಎರಡೂ ಬೇಡ.

ವೆಲ್ಡ್ ಮಾಡಿದ ಆಧಾರಗಳ ಹತ್ತಿರ, ಸ್ಪ್ರೇ ನೀರು ಬೀಳುವ ಕಡೆ, ಹತ್ತಾರು ಸಮಾಂತರ ಸಣ್ಣ ಬಿರುಕುಗಳು ಆಕ್ಸೈಡ್ ತುಂಬಿಕೊಂಡಿದ್ದರೆ ಅದು ಉಷ್ಣ ದಣಿವು. ಬಿರುಕಿಗೆ ಬಣ್ಣದ ದ್ರವ ಇಳಿಸಿ ನೋಡುವ ಡಿಪಿ ಟೆಸ್ಟ್‌ನಲ್ಲಿ ಚೆನ್ನಾಗಿ ಕಾಣುತ್ತದೆ. ಬಿರುಕನ್ನು ತುಂಬುವುದಕ್ಕಿಂತ ಹಿಗ್ಗಲು ಜಾಗ ಕೊಡುವುದು, ಸೋರುವ ಸ್ಪ್ರೇ ವಾಲ್ವ್ ಬದಲಿಸುವುದು ಮುಖ್ಯ.

ಎಲ್ಲಿ ನಿಲ್ಲಬೇಕು, ಯಾರಿಗೆ ಕೊಡಬೇಕು

ದಪ್ಪ ಕನಿಷ್ಠಕ್ಕಿಂತ ಇಳಿದಿದ್ದರೆ, ಡ್ರಮ್ ಅಥವಾ ಹೆಡರ್‌ನಲ್ಲಿ ಬಿರುಕು ಕಂಡರೆ, ತೆಳುವಾಗದೆ ಒಡೆದಿದ್ದರೆ, ಅದೇ ಜಾಗದಲ್ಲಿ ಎರಡನೆಯ ಬಾರಿ ಒಡೆದಿದ್ದರೆ, ನೀರಿಲ್ಲದೆ ಕಾದದ್ದು ಖಚಿತವಾದರೆ ಅಲ್ಲಿಗೆ ನಿಲ್ಲಿಸಿ. ಬಾಯ್ಲರ್ ಇನ್‌ಸ್ಪೆಕ್ಟರ್ ಮತ್ತು ಲೋಹ ಪರೀಕ್ಷೆಯವರು ನೋಡುವವರೆಗೆ ಬೆಂಕಿ ಹಚ್ಚಬೇಡಿ. ಒತ್ತಡದ ಭಾಗಗಳ ವೆಲ್ಡಿಂಗ್ ಅರ್ಹತಾ ಪತ್ರವಿರುವ ವೆಲ್ಡರ್ ಮಾತ್ರ, ಅನುಮೋದಿತ ವಿಧಾನದಲ್ಲಿ ಮಾಡಬೇಕು. ಗ್ರೇಡ್ 91 ಎಂಬ 9 ಕ್ರೋಮಿಯಂ ಉಕ್ಕಿನ ಟ್ಯೂಬಿಗಂತೂ ಪ್ರೀಹೀಟ್, ವೆಲ್ಡ್ ನಂತರದ ಶಾಖೋಪಚಾರ ತಪ್ಪಿದರೆ ಜೋಡಣೆಯೇ ಮುಂದಿನ ಒಡಕಿನ ಜಾಗ. ಕೆಲಸ ಮುಗಿದಮೇಲೆ ಗಡಸುತನ ಅಳೆಸಿ. ಟ್ಯೂಬಿನಲ್ಲಿ ಬ್ರಿನೆಲ್ 190ಕ್ಕಿಂತ ಕಡಿಮೆ ಬಂದರೆ ಅನುಮಾನಿಸಿ.

ಲ್ಯಾಬಿಗೆ ಮಾದರಿ ಕಳಿಸುವಾಗ ಒಡೆದ ಜಾಗದ ಎರಡೂ ಬದಿ ಕನಿಷ್ಠ 300 ಮಿ.ಮೀ. ಸೇರಿಸಿ ಕತ್ತರಿಸಿ. ಹ್ಯಾಕ್ಸಾ ಬಳಸಿ, ಗ್ಯಾಸ್ ಕಟ್ ಅನಿವಾರ್ಯವಾದರೆ ಇನ್ನೂ ದೂರದಲ್ಲಿ ಕತ್ತರಿಸಿ. ಎಣ್ಣೆ, ನೀರು ಸೋಕಿಸಬೇಡಿ, ಒಡೆದ ಮುಖಗಳನ್ನು ಒಂದಕ್ಕೊಂದು ಕೂಡಿಸಿ ನೋಡಬೇಡಿ. ಹರಿವಿನ ದಿಕ್ಕು, ಬೆಂಕಿಯ ಬದಿ, ಸಾಲು ಮತ್ತು ಎತ್ತರ ಗುರುತು ಮಾಡಿ, ಎರಡೂ ತುದಿಗೆ ಮುಚ್ಚಳ ಹಾಕಿ. ಜೊತೆಗೆ ಚೆನ್ನಾಗಿರುವ ಪಕ್ಕದ ಟ್ಯೂಬಿನ ಒಂದು ತುಂಡು, ಕಳೆದ ಕೆಲವು ತಿಂಗಳ ನೀರಿನ ಮತ್ತು ತಾಪದ ದಾಖಲೆ, ಇಂಧನದ ವರದಿ ಕಳಿಸಿ.

ಹೊಸ ಟ್ಯೂಬ್ ಏರಿಸುವ ಮೊದಲು ಪ್ರತಿಯೊಂದನ್ನೂ ಎಕ್ಸ್‌ಆರ್‌ಎಫ್ ಗನ್‌ನಿಂದ (ಎಕ್ಸ್‌ರೇ ಬಳಸಿ ಲೋಹದಲ್ಲಿ ಏನೇನಿದೆ ಎಂದು ತೋರಿಸುವ ಉಪಕರಣ) ಪರೀಕ್ಷಿಸಿ. ಕ್ರೋಮಿಯಂ–ಮಾಲಿಬ್ಡಿನಂ ಇರಬೇಕಾದಲ್ಲಿ ಸಾಮಾನ್ಯ ಉಕ್ಕು ಬಂದಿದ್ದರೆ ಕಣ್ಣಿಗೆ ತಿಳಿಯುವುದಿಲ್ಲ, ಎರಡೂ ಒಂದೇ ಬಣ್ಣ, ಒಂದೇ ತೂಕ. ಆ ಗನ್ ಇಂಗಾಲವನ್ನು ಮಾತ್ರ ಅಳೆಯಲಾರದು. ಇಂಗಾಲ ಹೆಚ್ಚಿರುವ 304 ಎಚ್ ಸ್ಟೇನ್‌ಲೆಸ್ ಬೇಕಾದ ಕಡೆ ಇಂಗಾಲ ಕಡಿಮೆಯ 304 ಎಲ್ ಬಂದಿದೆಯೇ ಎಂಬುದಕ್ಕೆ ಟ್ಯೂಬಿನ ಹೀಟ್ ನಂಬರನ್ನು (ಉಕ್ಕು ಕರಗಿಸಿದ ಬ್ಯಾಚಿನ ಸಂಖ್ಯೆ) ಮಿಲ್ ಸರ್ಟಿಫಿಕೇಟ್ ಜೊತೆ ಹೋಲಿಸಿ ನೋಡಿ, ಅನುಮಾನವಿದ್ದರೆ ಸ್ಪೆಕ್ಟ್ರೋ ಪರೀಕ್ಷೆ ಮಾಡಿಸಿ.